ವಂಡರ್‌ಲಾದ ಮರುದಿನ: ಹಳೆಯ ಮೈಸೂರು ರಸ್ತೆಯಲ್ಲಿ ಅವ್ವನೊಡನೆ



‘ಪ್ರವಾಸ’ ಎಂಬ ಶಬ್ದದಲ್ಲಿ ‘ವಾಸ’ವಿದೆ. ತನ್ನ ಮನೆಯನ್ನು ಬಿಟ್ಟು ಬೇರೊಂದೆಡೆ ಇರುವುದು ಎಂಬುದು ಅದರ ಮೂಲಾರ್ಥ. ‘ಯಾತ್ರೆ’ ಎಂಬುದು ಹೋಗುವಿಕೆಯನ್ನು ಸೂಚಿಸುವ ಧಾತುವಿನಿಂದ ಬಂದುದು. ಅದೇ ಶಬ್ದ ಕನ್ನಡದ ಬಾಯಲ್ಲಿ ‘ಜಾತ್ರೆ’ಯಾಗಿ, ಹೋಗಿ ಸೇರುವುದು ಎಂಬ ಅರ್ಥವನ್ನು ಪಡೆಯಿತು. ಹೋಗುವುದು, ಸೇರುವುದು, ಇರುವುದು ಈ ಮೂರೂ ನಮ್ಮ ಹಿರಿಯರ ತಿರುಗಾಟದಲ್ಲಿ ಒಂದಾಗಿದ್ದುವು. ಇಂದು ನಾವು ಬಳಸುವ ‘ಪ್ರೇಕ್ಷಣೀಯ ಸ್ಥಳ’ ಎಂಬ ಮಾತಿನಲ್ಲಾದರೋ ಕಣ್ಣಿಗೆ ಮಾತ್ರ ಕೆಲಸ. ನೋಡಿದೆವು, ಚಿತ್ರ ತೆಗೆದುಕೊಂಡೆವು, ಮರಳಿದೆವು ಎಂಬಲ್ಲಿಗೆ ಅದು ಮುಗಿಯುತ್ತದೆ.

ಬೇಸಿಗೆಯ ರಜೆ ಬಂದಿತೆಂದರೆ ಶ್ರೀಮಠಕ್ಕೆ ಬರುವ ಭಕ್ತಾದಿಗಳಲ್ಲಿ ಅನೇಕರು, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕೆಂದು ಕೇಳುವುದುಂಟು. ಅವರ ಮಕ್ಕಳ ಬಾಯಲ್ಲಿ ಆಗಲೇ ಒಂದು ಹೆಸರಿರುತ್ತದೆ: ಬಿಡದಿಯ ಬಳಿಯ ವಂಡರ್‌ಲಾ. ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆಯ ಮಕ್ಕಳ ಬಾಯಲ್ಲಿಯೂ ಅದೇ ಹೆಸರಿದ್ದಿತು. ಆ ಎರಡು ದಿನಗಳ ಅನುಭವವನ್ನು ತಮ್ಮೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನನ್ನ ಅಕ್ಕ, ಭಾವ ಪುಣೆಯಲ್ಲಿ ನೆಲೆಸಿ ಹದಿನಾಲ್ಕು ವರ್ಷಗಳಾದುವು. ಮಗಳಿಗೆ ಹನ್ನೆರಡು, ಮಗನಿಗೆ ಒಂಬತ್ತು. ವರ್ಷಕ್ಕೊಮ್ಮೆ ಹತ್ತು ದಿನ ತಿಪಟೂರು ಸೀಮೆಯ ನಮ್ಮ ಹಳ್ಳಿಗೆ ಬರುತ್ತಾರೆ. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ. ಆದರೆ ಉತ್ತರ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಎಪ್ಪತ್ತೊಂದು ವಯಸ್ಸಿನ ನಮ್ಮ ಅವ್ವ ಕೇಳುವ ಪ್ರಶ್ನೆಗಳೂ ವರ್ಷ ವರ್ಷಕ್ಕೆ ಕಡಮೆಯಾಗುತ್ತ ಬಂದು, ‘ಉಂಡ್ಯೇನಪ್ಪ’, ‘ನಿದ್ದೆ ಬಂತೇನವ್ವ’ ಎಂಬೆರಡಕ್ಕೆ ನಿಂತಿದ್ದುವು. ತಂದೆಯವರು ಲಿಂಗೈಕ್ಯರಾದ ಮೇಲೆ ಎರಡು ವರ್ಷ ಅವ್ವ ಊರ ಗಡಿಯನ್ನು ದಾಟಿರಲಿಲ್ಲ. ‘ಈ ಸಾರಿ ಅವ್ವನನ್ನೂ ಕರಕೊಂಡು ಹೋಗೋಣ’ ಎಂದು ಅಕ್ಕ ಹಟ ಹಿಡಿದುದರಿಂದ ಕೆಂಗೇರಿಯಲ್ಲಿರುವ ಬಂಧುಗಳ ಮನೆಯಲ್ಲಿ ತಂಗುವುದೆಂದು ನಿಶ್ಚಯವಾಯಿತು.

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 28 ಕಿಲೋಮೀಟರ್ ದೂರದಲ್ಲಿರುವ ಈ ಮನರಂಜನಾ ಉದ್ಯಾನ 2005ರಲ್ಲಿ ಆರಂಭವಾದುದು. ಅದನ್ನು ಹೀಗಳೆಯುವುದು ನನ್ನ ಇಚ್ಛೆಯಲ್ಲ. ಮಕ್ಕಳು ಅಲ್ಲಿ ಪಟ್ಟ ಹರ್ಷ ನಿಜವಾದುದೇ. ನೀರಿನ ಕೃತಕ ಅಲೆಗಳಲ್ಲಿ ನನ್ನ ಸೋದರಳಿಯ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಎತ್ತರದ ರಾಟೆಯಲ್ಲಿ ನಾನೂ ಕಣ್ಣು ಮುಚ್ಚಿ ಇಷ್ಟದೇವರನ್ನು ಸ್ಮರಿಸಿದೆ. ಆದರೆ ಅಲ್ಲಿಯ ಆನಂದವು ದೇಹದ ವಯಸ್ಸನ್ನು ಕೇಳುವ ಆನಂದ. ಮಂಡಿನೋವಿನ ಅವ್ವ ಮರದ ನೆರಳಿನ ಬೆಂಚಿನ ಮೇಲೆ ನಮ್ಮೆಲ್ಲರ ಚೀಲ, ಚಪ್ಪಲಿ, ಒದ್ದೆ ಬಟ್ಟೆಗಳನ್ನು ಕಾಯುತ್ತ ಸಂಜೆಯವರೆಗೆ ಕುಳಿತಿದ್ದರು. ಅವರಿಗೆ ಬೇಸರವಿರಲಿಲ್ಲ, ‘ನೀವು ಆಡ್ರಪ್ಪ, ನಾನು ನೋಡ್ತೀನಿ’ ಎಂದರು. ಅಂತಹ ಬೆಂಚುಗಳಲ್ಲಿ ಆ ದಿನ ಅನೇಕ ಅಜ್ಜಿಯರು ಹಾಗೆಯೇ ಚೀಲ ಕಾಯುತ್ತಿದ್ದರು. ಒಂದೇ ಸ್ಥಳಕ್ಕೆ ಒಂದೇ ವಾಹನದಲ್ಲಿ ಬಂದ ಕುಟುಂಬವು ಬಾಗಿಲು ದಾಟಿದೊಡನೆ ಆಡುವವರು, ಕಾಯುವವರು ಎಂದು ಎರಡಾಗುತ್ತದೆ. ಇದು ಯಾರ ದೋಷವೂ ಅಲ್ಲ. ಆದರೆ ವರ್ಷದ ಹತ್ತು ದಿನಗಳಲ್ಲಿ ಒಂದು ದಿನ ಹೀಗೆ ಕಳೆದರೆ ಉಳಿದ ದಿನಗಳ ಬಗೆಗೆ ಯೋಚಿಸಬೇಕಾಗುತ್ತದೆ.

ಮರುದಿನ ಅದೇ ದಾರಿಯಲ್ಲಿ ಇನ್ನೂ ಮುಂದಕ್ಕೆ ಹೋದೆವು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಊರ ಹೊರಗಿನಿಂದಲೇ ದಾಟಿಸಿಬಿಡುತ್ತದೆ. ಆ ದಾರಿಯನ್ನು ಹಿಡಿದವರಿಗೆ ಈ ಊರುಗಳು ಹಸುರು ಫಲಕಗಳ ಮೇಲಿನ ಅಕ್ಷರಗಳು ಮಾತ್ರ. ನಾನು ಮುಂದೆ ಹೇಳಲಿರುವುದನ್ನೆಲ್ಲ ಕಾಣಬೇಕಾದರೆ ಹಳೆಯ ರಸ್ತೆಗೆ ಇಳಿಯಬೇಕು. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಉಪಾಹಾರ ಮುಗಿಸಿ ನಾವು ಹಾಗೆಯೇ ಇಳಿದೆವು.

ರಾಮನಗರ ಸಮೀಪಿಸುತ್ತಿದ್ದಂತೆ ಇಕ್ಕೆಲಗಳಲ್ಲಿ ಬಂಡೆಬೆಟ್ಟಗಳು ಏಳುತ್ತವೆ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರಾಗಿದೆ. ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದಿತು. ಭೂವಿಜ್ಞಾನಿಗಳು ಇಲ್ಲಿಯ ಶಿಲೆಯನ್ನು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಭಾವನವರಿಗೆ ಮಾತ್ರ ಇದು 1975ರ ‘ಶೋಲೆ’ ಚಿತ್ರದ ರಾಮಗಢ. ದೂರದಿಂದಲೇ ರಾಮದೇವರ ಬೆಟ್ಟಕ್ಕೆ ಕೈಮುಗಿದರು. ಆ ಬೆಟ್ಟವು 2012ರಿಂದ ರಣಹದ್ದುಗಳ ವನ್ಯಧಾಮವಾಗಿದೆ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವು, ಸತ್ತ ದನದ ಮಾಂಸದ ಮೂಲಕ ಈ ಪಕ್ಷಿಗಳ ಮೂತ್ರಪಿಂಡವನ್ನು ಕೆಡಿಸಿ ದೇಶದಾದ್ಯಂತ ಅವುಗಳ ಸಂತತಿಯನ್ನು ಅಳಿವಿನಂಚಿಗೆ ತಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಬೆಟ್ಟವೇರಲು ಮೆಟ್ಟಿಲುಗಳಿವೆ. ಅವ್ವನ ಮಂಡಿಯನ್ನು ನೆನೆದು ನಾವು ಏರಲಿಲ್ಲ.

ಬೆಳಗಿನ ಹೊತ್ತಿಗೆ ಸರಿಯಾಗಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಮುಟ್ಟಿದೆವು. ಏಷ್ಯಾದ ದೊಡ್ಡ ಗೂಡು ಮಾರುಕಟ್ಟೆಗಳಲ್ಲೊಂದೆಂದು ಇದು ಹೆಸರಾಗಿದೆ. ಒಳಗಿನವರ ಅನುಮತಿ ಪಡೆದು, ರೈತರ ಕೆಲಸಕ್ಕೆ ಅಡ್ಡಬಾರದಂತೆ ಒಂದು ಬದಿಯಲ್ಲಿ ನಿಂತೆವು. ಉದ್ದನೆಯ ಸಾಲುಗಳಲ್ಲಿ ಗೂಡುಗಳನ್ನು ಹರಡಿರುತ್ತಾರೆ: ಹಳದಿಯವು ಮಿಶ್ರತಳಿ, ಬಿಳಿಯವು ದ್ವಿತಳಿ. ನೂಲು ಬಿಚ್ಚುವ ರೀಲರುಗಳು ಬಂದು ಒಂದು ಹಿಡಿ ಗೂಡನ್ನು ಎತ್ತಿ, ಕಿವಿಯ ಬಳಿ ಅಲುಗಿಸಿ, ಬೆರಳಿನಿಂದ ಒತ್ತಿ ನೋಡುತ್ತಾರೆ. ಹರಾಜು ವಿದ್ಯುನ್ಮಾನ ಪದ್ಧತಿಯಿಂದ ನಡೆಯುತ್ತದೆ. ಆದರೆ ಗೂಡಿನ ಗುಣವನ್ನು ತಿಳಿಯುವುದು ಆ ಕಿವಿ ಮತ್ತು ಬೆರಳುಗಳೇ. ಒಬ್ಬ ರೈತರು ನಮ್ಮ ಹುಡುಗಿಯ ಅಂಗೈಯಲ್ಲಿ ಒಂದು ಗೂಡನ್ನಿಟ್ಟು, ‘ಇಪ್ಪತ್ತೈದು ಇಪ್ಪತ್ತಾರು ದಿವಸ ಮಗೂನ ಥರ ನೋಡ್ಕೋಬೇಕು ಕಣವ್ವ, ನಾಲ್ಕು ಜ್ವರ ದಾಟಬೇಕು’ ಎಂದರು. ಹುಳು ಮೇಯುವುದನ್ನು ನಿಲ್ಲಿಸಿ ಪೊರೆ ಕಳಚುವ ಅವಸ್ಥೆಗೆ ರೈತರ ಭಾಷೆಯಲ್ಲಿ ‘ಜ್ವರ’ ಎಂದು ಹೆಸರು. ನಾಲ್ಕು ಜ್ವರಗಳ ಬಳಿಕ ಹಣ್ಣಾದ ಹುಳುವನ್ನು ಚಂದ್ರಂಕಿಗೆ ಬಿಟ್ಟರೆ ಅದು ತನ್ನ ಸುತ್ತ ತಾನೇ ನೂಲು ಸುತ್ತಿಕೊಳ್ಳುತ್ತದೆ. ಪತಂಗವಾಗಿ ಹೊರಬಂದರೆ ಎಳೆ ತುಂಡಾಗುವುದರಿಂದ, ಅದಕ್ಕೆ ಮುನ್ನವೇ ಬಿಸಿನೀರಿಗೆ ಹಾಕಿ ನೂಲನ್ನು ಬಿಚ್ಚುತ್ತಾರೆ.

ಅಕ್ಕಮಹಾದೇವಿಯವರು ತಮ್ಮ ವಚನವೊಂದರಲ್ಲಿ ಈ ಹುಳುವನ್ನು, ತೆರಣಿಯೆಂಬ ಹಳೆಯ ಹೆಸರಿನಿಂದ, ಬಯಕೆಯ ಬಂಧನಕ್ಕೆ ದೃಷ್ಟಾಂತವಾಗಿ ತಂದಿರುವುದನ್ನು ತಾವೆಲ್ಲ ಬಲ್ಲಿರಿ. ನಾನು ಎಂ.ಎ. ತರಗತಿಯಲ್ಲಿ ಆ ವಚನದ ಅಲಂಕಾರವನ್ನು ಕುರಿತು ಬರೆದವನು. ಆದರೆ ಬೆಚ್ಚಗಿನ, ಹಗುರವಾದ, ಒಳಗೊಂದು ಜೀವ ಅಲುಗುವ ಗೂಡನ್ನು ಅಂಗೈಯಲ್ಲಿ ಹಿಡಿದುದು ಅಂದೇ ಮೊದಲು. ‘ಮಾಮ, ಇದರೊಳಗೆ ಅದು ಇನ್ನೂ ಇದೆಯಾ?’ ಎಂದು ಹುಡುಗಿ ಕೇಳಿದಳು. ಇದೆ ಎಂದೆ. ಆಕೆ ಗೂಡನ್ನು ಮೆಲ್ಲಗೆ ರಾಶಿಯಲ್ಲಿಯೇ ಮರಳಿ ಇಟ್ಟಳು. ಅಕ್ಕನ ವಚನಕ್ಕೆ ವ್ಯಾಖ್ಯಾನ ಬರೆಯುವವರು ಒಮ್ಮೆಯಾದರೂ ಈ ಮಾರುಕಟ್ಟೆಯಲ್ಲಿ ನಿಲ್ಲಬೇಕೆಂದು ನನಗೆ ತೋರಿತು.

ಅಲ್ಲಿಂದ ಕೆಲವೇ ಕಿಲೋಮೀಟರ್ ಮುಂದೆ, ಚನ್ನಪಟ್ಟಣಕ್ಕೆ ಹೋಗುವ ದಾರಿಯ ಮಗ್ಗುಲಿನಲ್ಲಿಯೇ ಜಾನಪದ ಲೋಕವಿದೆ. ಇದನ್ನು ಕಟ್ಟಿದವರು ನಾಡೋಜ ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ 1915ರಲ್ಲಿ ಜನಿಸಿ, ಐ.ಎ.ಎಸ್. ಅಧಿಕಾರಿಗಳಾಗಿ ದುಡಿದು, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. 1994ರಲ್ಲಿ ಜಾನಪದ ಲೋಕ ಲೋಕಾರ್ಪಣೆಗೊಂಡಿತು. ಪರದೇಶದ ಯಾತ್ರಿಕರು ನಮ್ಮ ನಾಡನ್ನು ಕಂಡ ಬಗೆಯನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಹಲವು ಸಂಪುಟಗಳಲ್ಲಿ ಕನ್ನಡಕ್ಕೆ ತಂದವರೂ ಅವರೇ. ಹೊರಗಿನವರು ಕಂಡುದನ್ನು ಅಷ್ಟು ಶ್ರಮದಿಂದ ಸಂಗ್ರಹಿಸಿದ ಆ ಹಿರಿಯರು, ಒಳಗಿನವರು ಕಾಣದೆ ಹೋಗುತ್ತಿದ್ದುದನ್ನು ಹದಿನೈದು ಎಕರೆಯ ಈ ಆವರಣದಲ್ಲಿ ಉಳಿಸಿದರು. 2005ರಲ್ಲಿ ಅವರು ದಿವಂಗತರಾದರು.

ಒಳಗೆ ಕಾಲಿಟ್ಟ ಮೇಲೆ ನಮ್ಮ ಗುಂಪಿನ ಕ್ರಮವೇ ಬದಲಾಯಿತು. ಹಿಂದಿನ ದಿನ ಎಲ್ಲರಿಗಿಂತ ಹಿಂದೆ ನಡೆದ ಅವ್ವ ಮುಂದಾದರು. ಲೋಕಮಹಲಿನ ಕಪಾಟುಗಳ ಮುಂದೆ ನಾನು ಫಲಕಗಳನ್ನು ಓದಿ ಹೇಳುವಷ್ಟರಲ್ಲಿ ಅವ್ವ ಹೆಸರು ಹೇಳಿ ಮುಗಿಸಿರುತ್ತಿದ್ದರು. ಅಳತೆಯ ಪಾತ್ರೆಗಳ ಮುಂದೆ ಬಹಳ ಹೊತ್ತು ನಿಂತರು. ಪಾವು, ಸೇರು, ಬಳ್ಳ, ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ಬೆರಳು ಮಡಿಸಿ ಹೇಳಿದರು. ಹುಡುಗ ‘ಒನ್, ಟೂ’ ಎಂದು ಎಣಿಸತೊಡಗಿದಾಗ ಅವ್ವ ತಡೆದರು.

‘ಹಂಗಲ್ಲ ಕಣಪ್ಪ. ರಾಶಿ ಅಳೆಯುವಾಗ ಮೊದಲನೇ ಕೊಳಗಕ್ಕೆ ಒಂದು ಅನ್ನಬಾರದು. ಲಾಭ ಅನ್ನಬೇಕು. ಆಮೇಲೆ ಎರಡು.’

‘ವೈ, ಅಜ್ಜಿ?’

‘ಒಂದು ಅಂದ್ರೆ ಒಂದೇ ಆಗೋಗುತ್ತಲ್ಲ. ಲಾಭ ಅಂದ್ರೆ ಬೆಳೀತದೆ. ನಿಮ್ಮ ತಾತ ಹಂಗೇ ಅಳೀತಿದ್ರು. ಅವರು ಅಳೆಯುವಾಗ ಕಣದಲ್ಲಿ ಯಾರೂ ಮಾತಾಡ್ತಿರಲಿಲ್ಲ.’

ತಂದೆಯವರು ಹೋದ ಮೇಲೆ ಅವ್ವನ ಬಾಯಲ್ಲಿ ಅವರ ಮಾತು ಹೀಗೆ ಸಹಜವಾಗಿ ಬಂದುದನ್ನು ನಾನಾಗಲಿ ಅಕ್ಕನಾಗಲಿ ಕೇಳಿರಲಿಲ್ಲ. ಅಕ್ಕ ಕಿಟಕಿಯ ಕಡೆ ತಿರುಗಿ ನಿಂತಳು. ಹುಡುಗ ಮಾತ್ರ ಪಾತ್ರೆಗಳನ್ನು ತೋರಿಸುತ್ತ, ‘ಲಾಭ, ಎರಡು, ಮೂರು, ನಾಲ್ಕು’ ಎಂದು ಕನ್ನಡದಲ್ಲಿಯೇ ಎಣಿಸುತ್ತ ಹೋದನು.

ಮುಂದೆ ರಾಗಿ ಬೀಸುವ ಕಲ್ಲಿನ ಬಳಿ ಅವ್ವ, ಗೂಟ ಹಿಡಿಯುವ ಬಗೆಯನ್ನು ಮೊಮ್ಮಗಳಿಗೆ ಬರಿಗೈಯಲ್ಲಿ ತೋರಿಸಿದರು. ಎದುರು ಬದುರು ಕುಳಿತ ಇಬ್ಬರು ಒಂದೇ ಗೂಟ ಹಿಡಿಯಬೇಕು. ಒಬ್ಬಳ ಕೈ ಎಳೆದಾಗ ಇನ್ನೊಬ್ಬಳ ಕೈ ಸಡಿಲಬೇಕು. ಹಾಡು ತಪ್ಪಿದರೆ ಕೈ ತಪ್ಪುತ್ತದೆ. ಹಾಡೆಂಬುದು ಅಲಂಕಾರಕ್ಕೆ ಹುಟ್ಟಿದುದಲ್ಲ, ಕೆಲಸದ ಲಯವನ್ನು ಹಿಡಿದಿಡಲು ಹುಟ್ಟಿದುದು ಎಂಬ ಮಾತನ್ನು ನಾನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಗಳಿಸಿದ್ದೇನೆ. ಅದರ ಸಾಕ್ಷ್ಯ ಮನೆಯಲ್ಲಿಯೇ ಕುಳಿತಿದ್ದಿತು.

ಚನ್ನಪಟ್ಟಣ ಬೊಂಬೆಗಳ ಊರು. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಲೆ ಬಂದಿತೆಂಬ ಪ್ರತೀತಿಯಿದೆ. ಬಳಸುವುದು ಹಾಲೆ ಮರ. ಹಗುರ, ಬಿಳುಪು, ಸಿಬಿರೇಳದು. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ತಾಳೆಗರಿಯನ್ನು ಒತ್ತಿ ಹೊಳಪು ತರುತ್ತಾರೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಸುಬನ್ನು ನೋಡಲು ರಸ್ತೆಯ ಅಂಗಡಿ ಸಾಲದು. ಗಲ್ಲಿಯೊಳಗಿನ ಕಾರ್ಖಾನೆಗೆ ಹೋಗಬೇಕು. ನಾವು ಹೊಕ್ಕ ಕಾರ್ಖಾನೆ ಒಂದು ಕೋಣೆಯಷ್ಟಿದ್ದಿತು. ಸುಮಾರು ಅರವತ್ತರ ಹಿರಿಯರೊಬ್ಬರು ನಮ್ಮ ಕಣ್ಣೆದುರಿಗೇ, ಹೆಚ್ಚೆಂದರೆ ಐದು ನಿಮಿಷದಲ್ಲಿ, ಕೆಂಪು ಹಳದಿ ಪಟ್ಟೆಯ ಬುಗುರಿಯೊಂದನ್ನು ತೆಗೆದು ಹುಡುಗನ ಕೈಗಿತ್ತರು.

‘ಮಕ್ಕಳು ಈ ಕೆಲಸ ಕಲ್ತವ್ರೇನು ಸಾಬರೆ?’ ಎಂದು ಅವ್ವ ಕೇಳಿದರು.

‘ಇಲ್ಲಮ್ಮ. ಒಬ್ಬ ಬಿಡದಿ ಫ್ಯಾಕ್ಟರೀಗೆ ಹೋಗ್ತಾನೆ, ಒಬ್ಬ ಬೆಂಗಳೂರಲ್ಲಿ ಗಾಡಿ ಓಡಿಸ್ತಾನೆ. ಮೊದಲಾದ್ರೆ ಮೈಸೂರಿಗೆ ಹೋಗೋರೆಲ್ಲ ಈ ಬೀದಿಯಲ್ಲೇ ಹೋಗ್ತಿದ್ರು. ಮಗು ಅತ್ತರೆ ನಿಲ್ಲಿಸ್ತಿದ್ರು. ಈಗ ಆ ಕಡೆಯಿಂದ ಹೋಗ್ತಾರೆ.’

ಅವರ ಮಾತಿನಲ್ಲಿ ದೂರಿರಲಿಲ್ಲ. ಹೊಸ ಹೆದ್ದಾರಿಯಿಂದ ಪ್ರಯಾಣದ ಸಮಯ ಉಳಿದಿದೆ. ರೋಗಿಗಳಿಗೆ, ದೂರದ ಊರಿನವರಿಗೆ ಅದರಿಂದ ಉಪಕಾರವಾಗಿದೆ. ಆದರೆ ಬೊಂಬೆಯಂಗಡಿ, ಮದ್ದೂರು ವಡೆಯ ಹೋಟೆಲು, ಎಳನೀರಿನ ಗಾಡಿ ಇವುಗಳಿಗೆ ದಾರಿಹೋಕರು ನಿಲ್ಲುವುದೇ ಜೀವನಾಧಾರ. ನಾವು ಉಳಿಸಿದ ಸಮಯದ ಒಂದು ಭಾಗವನ್ನು ಇಲ್ಲಿ ಖರ್ಚುಮಾಡುವುದು ಉಪಕಾರವೇನೂ ಅಲ್ಲ, ಒಂದು ಬಗೆಯ ಸಂದಾಯ. ಬುಗುರಿಯ ಬೆಲೆಯಲ್ಲಿ ಚೌಕಾಸಿ ಮಾಡಲು ಹೊರಟ ಭಾವನವರನ್ನು ಅವ್ವ ಕಣ್ಣಿನಲ್ಲಿಯೇ ತಡೆದರು.

ಇಳಿಹೊತ್ತಿಗೆ ರುದ್ರಾಕ್ಷಿಪುರದ ಬಳಿ ತಿರುಗಿ ಹನ್ನೆರಡು ಕಿಲೋಮೀಟರ್ ಒಳಕ್ಕೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಇದು ಪಕ್ಷಿಧಾಮವೆಂದರೆ ನಾವು ಎಣಿಸುವಂತೆ ಬೇಲಿ, ಕೆರೆ, ದೋಣಿಗಳಿರುವ ತಾಣವಲ್ಲ. ಇದೊಂದು ಊರು. ಮನೆಯ ಹಿತ್ತಿಲ, ಬೀದಿಯ ಬದಿಯ ಹುಣಿಸೆ ಮರಗಳ ಮೇಲೆಯೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಡಿಸೆಂಬರ್, ಜನವರಿಯ ವೇಳೆಗೆ ಬಂದು, ಮೊಟ್ಟೆಯಿಟ್ಟು, ಮರಿ ಮಾಡಿ, ಮಳೆಗಾಲದ ಮೊದಲಿಗೆ ಹೊರಡುತ್ತವೆ. ಕೆಳಗೆ ಎತ್ತಿನ ಗಾಡಿ, ಒಗೆಯುವ ಕಲ್ಲು, ಆಡುವ ಮಕ್ಕಳು. ಮೇಲೆ ಸಂಸಾರ ಹೂಡಿದ ಪಕ್ಷಿಗಳು. ಒಬ್ಬರಿಗೊಬ್ಬರು ಹೆದರುವುದಿಲ್ಲ.

ಊರಿನವರು ಈ ಪಕ್ಷಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಇದು ಬರಿಯ ಚೆಂದದ ಮಾತಲ್ಲ. ಹುಣಿಸೆಯ ಫಸಲು ಬರುವ ಕಾಲವೂ ಗೂಡಿನ ಕಾಲವೂ ಒಂದೇ. ಮರ ಬಡಿದರೆ ಗೂಡು ಬೀಳುತ್ತದೆ. ಬಡಿಯದಿದ್ದರೆ ಹಣ ಹೋಗುತ್ತದೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ ಒದಗಿದರೂ ನಷ್ಟ ಪೂರ್ತಿ ತುಂಬಲಾರದು. ಆದ್ದರಿಂದ ಅರಣ್ಯ ಇಲಾಖೆಯಿಂದ ಮರದ ಮಾಲೀಕರಿಗೆ ಪರಿಹಾರ ಕೊಡುವ ಏರ್ಪಾಡು ಬಂದಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಲು ಊರಿನ ತರುಣರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಕಾನೂನು ಬಂದುದು ಆಮೇಲೆ. ತವರಿನ ಭಾವ ಅದಕ್ಕೆ ಮುನ್ನವೇ ಇದ್ದಿತು.

ಮರದ ಕೆಳಗಿನ ಜಗಲಿಯಲ್ಲಿ ಕುಳಿತಿದ್ದ ಮುದುಕಿಯೊಬ್ಬರ ಪಕ್ಕದಲ್ಲಿ ಅವ್ವ ಕೇಳದೆಯೇ ಕುಳಿತರು. ಎಲೆ ಅಡಕೆಯ ವಿನಿಮಯವಾಯಿತು. ಯಾವ ಊರು, ಎಷ್ಟು ಮಕ್ಕಳು, ಮಳೆ ಹೇಗೆ ಎಂಬೆಲ್ಲ ಮಾತು ಅರ್ಧ ತಾಸು ನಡೆಯಿತು. ಮಕ್ಕಳು ಎದುರಿಗೆ ಮಣ್ಣಿನಲ್ಲಿ ಬುಗುರಿ ಆಡಿಸಲು ಹೆಣಗುತ್ತಿದ್ದರು; ಊರಿನ ಹುಡುಗನೊಬ್ಬ ದಾರ ಸುತ್ತುವುದನ್ನು ಕಲಿಸಿಕೊಟ್ಟನು. ಹೊರಡುವಾಗ ಮೊಮ್ಮಗಳು, ‘ಅಜ್ಜಿ, ಅಮ್ಮ ಕೂಡ ನನ್ನನ್ನ ಹೆರೋಕೆ ಹೀಗೇ ನಿಮ್ಮನೆಗೆ ಬಂದಿದ್ಲಾ?’ ಎಂದು ಕೇಳಿದಳು. ಅವ್ವ ಆ ಕಥೆಯನ್ನು ಕಾರಿನಲ್ಲಿ ಆರಂಭಿಸಿ ಕೆಂಗೇರಿ ಮುಟ್ಟುವವರೆಗೂ ಹೇಳಿದರು.

ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ನಾವು ಅನುಭಾವಗೋಷ್ಠಿಗಳಲ್ಲಿ ಬಗೆಬಗೆಯಾಗಿ ವಿವರಿಸುತ್ತೇವೆ. ಆದರೆ ಇಂದಿನ ಮಕ್ಕಳಿಗೆ ದುಡಿಯುವ ಕೈಯನ್ನು ನೋಡುವ ಅವಕಾಶವೇ ವಿರಳವಾಗಿದೆ. ತಂದೆ ತಾಯಿಯರ ಕೆಲಸ ಪರದೆಯೊಳಗಿದೆ. ತಿನ್ನುವ ಅನ್ನ, ಉಡುವ ಬಟ್ಟೆ, ಆಡುವ ಬೊಂಬೆ ಎಲ್ಲವೂ ಪೊಟ್ಟಣದಲ್ಲಿ ಬರುತ್ತವೆ. ಗೂಡನ್ನು ಕಿವಿಗೆ ಹಿಡಿಯುವ ರೀಲರು, ಅರಗನ್ನು ಒತ್ತುವ ಹಿರಿಯರು, ಹುಣಿಸೆಯ ಫಸಲನ್ನು ಪಕ್ಷಿಗೆ ಬಿಟ್ಟ ಊರಿನವರು ಇವರನ್ನು ಕಂಡ ಮಗುವಿಗೆ ಕಾಯಕವೆಂಬ ಶಬ್ದವನ್ನು ಮುಂದೆಂದೋ ವಿವರಿಸುವುದು ಸುಲಭವಾದೀತು.

ಆದ್ದರಿಂದ ಈ ಬೇಸಿಗೆಯಲ್ಲಿ ಹೊರಡುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳು ಕೇಳಿದ ಉದ್ಯಾನಕ್ಕೆ ಅವಶ್ಯ ಕರೆದುಕೊಂಡು ಹೋಗಿರಿ. ಅದರ ಜೊತೆಗೆ ಇನ್ನೊಂದು ದಿನವನ್ನು ಹಳೆಯ ರಸ್ತೆಗೆಂದು ಮೀಸಲಿಡಿರಿ. ಗೂಡಿನ ಮಾರುಕಟ್ಟೆಗೆ ಬೆಳಗ್ಗೆಯೇ ಹೋಗಿರಿ. ಜಾನಪದ ಲೋಕಕ್ಕೆ ಕನಿಷ್ಠ ಎರಡು ತಾಸು ಕೊಡಿರಿ. ಕೊಕ್ಕರೆ ಬೆಳ್ಳೂರಿನಲ್ಲಿ ಗದ್ದಲ ಮಾಡದೆ ನಡೆಯಿರಿ, ಮರದ ಕೆಳಗೆ ನಿಲ್ಲುವಾಗ ತಲೆಗೆ ವಸ್ತ್ರವಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಫಲಕದ ಮೇಲೆ ‘ಕೊಳಗ’ ಎಂದು ಬರೆದಿರುತ್ತದೆ. ಮೊದಲನೆಯದನ್ನು ‘ಲಾಭ’ ಎನ್ನಬೇಕೆಂಬುದು ಬಲ್ಲವರ ಬಾಯಲ್ಲಿ ಮಾತ್ರ ಉಳಿದಿದೆ. ಆ ಬಾಯಿಗಳು ವರ್ಷ ವರ್ಷಕ್ಕೆ ಕಡಮೆಯಾಗುತ್ತಿವೆ.

ನಮ್ಮ ಹುಡುಗ ಪುಣೆಗೆ ಹಿಂದಿರುಗಿದ ಮೇಲೆ ಭಾನುವಾರಗಳಂದು ಅಜ್ಜಿಗೆ ದೂರವಾಣಿ ಮಾಡುತ್ತಾನೆ. ಬುಗುರಿ ಎಷ್ಟು ಹೊತ್ತು ತಿರುಗಿತೆಂದು ಅಜ್ಜಿ ಕೇಳುತ್ತಾರೆ. ಅವನು ಎಣಿಸಿ ಹೇಳುತ್ತಾನೆ; ಲಾಭದಿಂದಲೇ ಆರಂಭಿಸುತ್ತಾನೆ.